ವೈನಿನ ‘ಡ್ರೈ’ಗೆ ‘ಒಣ’ ಅಂದರೆ ಸರಿಯೇ?

ಒಂದು ಪದದ ತಕರಾರು. ಬಗೆಹರಿಸಿಕೊಡಿ.

ಸೆಪ್ಟೆಂಬರ್ ಕೊನೆಯಲ್ಲಿ ಊರಿಂದ ಬಂದಿದ್ದ ಮಾವನವರನ್ನು ಕ್ಯಾಲಿಫೋರ್ನಿಯಾದ ಸೊನೋಮಾ ಕಡೆ ಕರೆದುಕೊಂಡು ಹೋಗಿದ್ದೆ. ತೀರ್ಥಹಳ್ಳಿ ಕಡೆಯವರು, ಅಡಿಕೆ ಬೆಳೆಗಾರರು. ದ್ರಾಕ್ಷಿ ಕೊಯ್ಲು ಜೋರಾಗಿತ್ತು. ಒಂದು ಕಡೆ ರುಚಿ ನೋಡಲು ಕೂತೆವು. ಕ್ಯಾಬರ್ನೆ ಅನ್ನುವ ಕೆಂಪು ವೈನ್ ಸುರಿದ ಹುಡುಗಿ ‘ಇದು ಡ್ರೈ’ ಅಂದಳು. ನಾನು ದೊಡ್ಡ ಪಂಡಿತನ ಹಾಗೆ ‘ಒಣ ವೈನ್ ಅಂತೆ’ ಅಂದೆ. ‘ನೀರಿನ ಹಾಗಿರೋದು ಒಣ ಹೇಗಾಗುತ್ತೆ ಮಾರಾಯ?’ ಅಂತ ಮಾವ ನಕ್ಕರು. ಒಂದು ಗುಟುಕು ಬಾಯಲ್ಲಿ ತಿರುಗಿಸಿ, ‘ಇದು ಚೊಗರು’ ಅಂದುಬಿಟ್ಟರು.

ಮಲೆನಾಡಿನವರಿಗೆ ಹೇಳಬೇಕಿಲ್ಲ. ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ನೀರೇ ಚೊಗರು. ಬೇಯಿಸಿದ ಅಡಿಕೆಗೆ ಬಣ್ಣ ಕಟ್ಟಲು ಅದನ್ನೇ ಬಳಸುತ್ತಾರೆ. ಅದರಲ್ಲಿರುವುದೂ ಟ್ಯಾನಿನ್ ಅನ್ನುವ ಒಗರಿನ ಅಂಶ, ಕೆಂಪು ವೈನಿನಲ್ಲಿರುವುದೂ ಟ್ಯಾನಿನ್. ಮಾವ ಹೋಲಿಕೆ ಕೊಟ್ಟಿರಲಿಲ್ಲ, ಇದ್ದದ್ದನ್ನೇ ಹೇಳಿದ್ದರು!

ಆದರೆ ಆ ಹುಡುಗಿ ಹೇಳಿದ ‘ಡ್ರೈ’ ಅದಲ್ಲ. ಹಣ್ಣಾದ ಕ್ಯಾಬರ್ನೆ ದ್ರಾಕ್ಷಿಯ 100 ಗ್ರಾಂ ರಸದಲ್ಲಿ ಸುಮಾರು 24–25 ಗ್ರಾಂ ಸಕ್ಕರೆ ಇರುತ್ತದೆ. ಯೀಸ್ಟ್ ಅದನ್ನು ಹೆಚ್ಚುಕಡಿಮೆ ಪೂರ್ತಿ ತಿಂದು ಮುಗಿಸಿದರೆ ‘ಡ್ರೈ’. ಅಂದರೆ ಸಿಹಿ ಉಳಿದಿಲ್ಲ, ಅಷ್ಟೇ. ಬಾಯಿ ಒಣಗಿದ ಹಾಗೆ, ನಾಲಿಗೆ ಹಿಡಿದ ಹಾಗೆ ಆಗುವುದು ಬೇರೆ. ಟ್ಯಾನಿನ್ ಎಂಜಲಿನ ಪ್ರೋಟೀನ್ ಜೊತೆ ಅಂಟಿಕೊಳ್ಳುತ್ತದೆ, ಬಾಯಿಯ ನುಣುಪು ಹೋಗುತ್ತದೆ. ಅದು ನಮ್ಮ ಒಗರು. ನೇರಳೆ ಹಣ್ಣು ತಿಂದವರಿಗೆಲ್ಲ ಗೊತ್ತು.

ಇವೆರಡೂ ಒಂದೇ ಅಲ್ಲ ಅನ್ನುವುದಕ್ಕೆ ಅಲ್ಲೇ ಸಾಕ್ಷಿ ಸಿಕ್ಕಿತು. ಮುಂದಿನ ಲೋಟದಲ್ಲಿ ಬಿಳಿ ವೈನ್, ಸೋವಿನ್ಯೋ ಬ್ಲಾಂ. ಅದೂ ‘ಡ್ರೈ’. ಹುಳಿ ಇತ್ತು, ಒಗರು ಇರಲೇ ಇಲ್ಲ. ಕೆಂಪು ವೈನನ್ನು ಸಿಪ್ಪೆ, ಬೀಜದ ಜೊತೆಗೇ ಹುದುಗಲು ಬಿಡುತ್ತಾರೆ. ಬಿಳಿಯದನ್ನು ಸಾಮಾನ್ಯವಾಗಿ ಮೊದಲೇ ಹಿಂಡಿ ಸಿಪ್ಪೆ ತೆಗೆದುಬಿಡುತ್ತಾರೆ. ಒಗರು ಬರುವುದೇ ಸಿಪ್ಪೆ, ಬೀಜದಿಂದ, ಸ್ವಲ್ಪ ಓಕ್ ಪೀಪಾಯಿಯಿಂದ. ಅತ್ತ ಪೋರ್ಟ್ ಥರದ ವೈನ್ ಸಿಹಿಯೂ ಹೌದು, ಒಗರೂ ಹೌದು.

ಹಾಗಾಗಿ ಟ್ಯಾನಿನ್ನಿನ ರುಚಿಗೆ ‘ಒಗರು’ ಅಂತ ನಾನು ತೀರ್ಮಾನಿಸಿಬಿಟ್ಟಿದ್ದೇನೆ. ಇಂಗ್ಲಿಷಿನಲ್ಲಿ ‘ಅಸ್ಟ್ರಿಂಜೆಂಟ್’ ಅನ್ನಲು ಓದಿರಬೇಕು. ನಮ್ಮಲ್ಲಿ ಮಕ್ಕಳೂ ಒಗರು ಅನ್ನುತ್ತವೆ. ‘ಡ್ರೈ’ಗೆ ಮಾತ್ರ ಸಿಕ್ಕಿಲ್ಲ. ‘ಒಣ’ ಆಗದು. ‘ಸಪ್ಪೆ’ ಅಂದರೆ ವೈನ್ ಮಾಡಿದವರು ಹೊಡೆಯಲು ಬರುತ್ತಾರೆ. ‘ಸಿಹಿ ಇಳಿದದ್ದು’ ಅನ್ನಬಹುದೇ? ಸಿಹಿ ಮೊದಲಿತ್ತು, ಆಮೇಲೆ ಹೋಯಿತು ಅನ್ನುವುದು ಅದರಲ್ಲಿದೆ. ಆದರೆ ಸುಮ್ನೆ ಕಟ್ಟಿದ ಮಾತಿನ ಹಾಗೂ ಕೇಳುತ್ತದೆ.

ಇನ್ನೊಂದು. ಈ ದ್ರಾಕ್ಷಿ ಕೊಯ್ಲಿನ ಹಂಗಾಮಿಗೆ ಅಲ್ಲಿಯವರು ‘ಕ್ರಷ್’, ಅಂದರೆ ಜಜ್ಜುವುದು, ಅನ್ನುತ್ತಾರೆ. ಆಗಸ್ಟಿನಲ್ಲಿ ನೊರೆ ವೈನಿನ ದ್ರಾಕ್ಷಿಯಿಂದ ಶುರುವಾಗಿ, ಅಕ್ಟೋಬರಿನಲ್ಲಿ ಕ್ಯಾಬರ್ನೆ ಬರುವವರೆಗೂ ನಡೆಯುತ್ತದೆ. ಹಣ್ಣು ತಂಪಾಗಿರಲಿ ಅಂತ ಎಷ್ಟೋ ಕಡೆ ರಾತ್ರಿಯೇ ದೀಪ ಹಾಕಿಕೊಂಡು ಕೊಯ್ಯುತ್ತಾರೆ. ಸರ್ಕಾರ ಪ್ರತಿವರ್ಷ ತರುವ ವರದಿಯ ಹೆಸರೇ ‘ಗ್ರೇಪ್ ಕ್ರಷ್ ರಿಪೋರ್ಟ್’. ಇದನ್ನು ‘ಸುಗ್ಗಿ’ ಅನ್ನಲು ನನಗೆ ಮನಸ್ಸಿಲ್ಲ. ಸುಗ್ಗಿ ಅಂದರೆ ಕಾಳು ಮನೆಗೆ ಬಂದು ಕೆಲಸ ಮುಗಿದ ಖುಷಿ. ಇಲ್ಲಿ ಹಣ್ಣು ಬಂದ ಮೇಲೆಯೇ ನಿದ್ದೆಗೆಡುವ ಕೆಲಸ. ನಮ್ಮ ಪತ್ರಿಕೆಗಳು ಸಕ್ಕರೆ ಕಾರ್ಖಾನೆ ಸುದ್ದಿಯಲ್ಲಿ ‘ಕಬ್ಬು ನುರಿಸುವ ಹಂಗಾಮು’ ಅಂತ ಬರೆಯುತ್ತವಲ್ಲ, ಅದೇ ಸರಿ ಅನ್ನಿಸುತ್ತದೆ. ‘ದ್ರಾಕ್ಷಿ ನುರಿಸುವ ಹಂಗಾಮು’. ಉದ್ದವಾಯಿತೇನೋ. ಬರೀ ‘ನುರಿ’ ಅಂದರೆ ಯಾರಿಗಾದರೂ ತಿಳಿಯುತ್ತದಾ?

ವೈನಿಗೆ ‘ದ್ರಾಕ್ಷಾರಸ’ ಬೇಡ ದಯವಿಟ್ಟು. ಬೈಬಲ್ ಅನುವಾದದಲ್ಲಿ ಚೆಂದ. ಅಂಗಡಿಯಲ್ಲಿ ಕೇಳಿದರೆ ಜ್ಯೂಸ್ ಕೊಡುತ್ತಾರೆ.

ನನಗೆ ಬೇಕಿರುವುದು ಇಷ್ಟು. ಕರಾವಳಿ, ಬಯಲುಸೀಮೆ ಕಡೆ ಈಚಲು ಹೆಂಡವೋ ತೆಂಗಿನ ಕಳ್ಳೋ ಸಿಹಿ ಕಳೆದುಕೊಂಡ ಹಂತಕ್ಕೆ ಏನನ್ನುತ್ತಾರೆ? ಪೂರ್ತಿ ಹುಳಿಯಾದದ್ದಕ್ಕಲ್ಲ, ಅದಕ್ಕೂ ಮೊದಲಿನದ್ದಕ್ಕೆ. ಇಳಿಸುವವರ ಬಾಯಲ್ಲಿ ಒಂದು ಮಾತು ಇದ್ದೇ ಇರಬೇಕು, ಅಲ್ವಾ? ಕೇಳಿದವರು ಬರೆಯಿರಿ. ಮಾವ ಅಂತೂ ಊರಿಗೆ ಹೋಗಿ ‘ಅಮೆರಿಕದಲ್ಲಿ ಚೊಗರನ್ನು ಬಾಟಲಿಗೆ ತುಂಬಿ ಮಾರುತ್ತಾರೆ’ ಅಂತ ಹೇಳುತ್ತಿದ್ದಾರಂತೆ.