ಬಿಲ್ವದ ಸಸ್ಯನಾಮದಲ್ಲಿರುವ 'ಮಾರ್ಮೆಲೋಸ್' ಎಲ್ಲಿಯದು?

ಪ್ರಶ್ನೆ: ಬಿಲ್ವದ ಸಸ್ಯಶಾಸ್ತ್ರೀಯ ಹೆಸರು ಈಗ್ಲೆ ಮಾರ್ಮೆಲೋಸ್. ಅಮರಕೋಶದಲ್ಲಿ ಬಿಲ್ವಕ್ಕೆ 'ಮಾಲೂರ' ಎಂಬ ಪರ್ಯಾಯವೂ ಇದೆ. ಇವೆರಡಕ್ಕೂ ಸಂಬಂಧವಿದೆಯೇ?

ಉತ್ತರ: ಇಲ್ಲ, ಅದು ಬರಿಯ ಧ್ವನಿಸಾಮ್ಯ. ಮಾರ್ಮೆಲೋಸ್ ಬಂದದ್ದು ಪೋರ್ಚುಗೀಸಿನ 'ಮರ್ಮೆಲೊ'ದಿಂದ. ಅದರರ್ಥ ಕ್ವಿನ್ಸ್, ಉರ್ದುವಿನಲ್ಲಿ ಬಿಹಿ ಎನ್ನುವ, ಸೇಬಿನಂಥ ಹಣ್ಣು. ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ನಿನ 'ಮೆಲಿಮೇಲುಮ್', ಅದಕ್ಕೂ ಹಿಂದೆ ಗ್ರೀಕಿನ 'ಮೆಲಿಮೇಲೊನ್': ಮೆಲಿ ಎಂದರೆ ಜೇನು, ಮೇಲೊನ್ ಎಂದರೆ ಸೇಬು. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿಯ ಕಾಲಕ್ಕೆ ಇದು ಸಿಹಿ ಸೇಬಿನ ಒಂದು ತಳಿ.

ಹಸಿಯಾಗಿ ತಿಂದರೆ ನಾಲಗೆ ಒಗರಾಗುವ ಕ್ವಿನ್ಸ್‌ಗೆ ಜೇನಿನ ಹೆಸರೇಕೆ? ರೋಮನ್ನರು ಕ್ವಿನ್ಸನ್ನು ಜೇನಿನಲ್ಲಿ ಮುಳುಗಿಸಿ ಕಾಪಿಡುತ್ತಿದ್ದರು. ಕೃಷಿಯ ಬಗ್ಗೆ ಬರೆದ ರೋಮನ್ ಲೇಖಕ ಕೊಲುಮೆಲ್ಲ ಆ ವಿಧಾನವನ್ನೇ ಬರೆದಿಟ್ಟಿದ್ದಾನೆ. ಹೆಸರು ಸೇಬಿನಿಂದ ಕ್ವಿನ್ಸ್‌ಗೆ ಜಾರಲು ಇದೇ ದಾರಿಯಾಗಿರಬೇಕು ಎಂಬುದು ನನ್ನ ಎಣಿಕೆ.

ಧ್ವನಿಬದಲಾವಣೆ ಸ್ವಾರಸ್ಯವಾಗಿದೆ. ಒಂದೇ ಪದದಲ್ಲಿ ಎರಡು ಲಕಾರ ಬಂದಾಗ ಒಂದು ರಕಾರವಾಗುವುದುಂಟು. ಪೋರ್ಚುಗೀಸಿನಲ್ಲಿ ಮೊದಲನೆಯದು ಹಾಗಾಗಿ 'ಮರ್ಮೆಲೊ' ಆಯಿತು. ಸ್ಪ್ಯಾನಿಷ್‌ನಲ್ಲಿ ಮಕಾರ-ರಕಾರಗಳು ಅಕ್ಕಪಕ್ಕ ಬಂದು ನಡುವೆ ಬಕಾರ ಹುಟ್ಟಿತು: 'ಮೆಂಬ್ರಿಯೊ'. ಮನುಷ್ಯ ಎಂಬರ್ಥದ 'ಓಂಬ್ರೆ'ಯ ಬಕಾರವೂ ಹೀಗೆಯೇ ಬಂದದ್ದು. ಕೊನೆಯ ಅಕ್ಷರಗಳ ವ್ಯತ್ಯಾಸಕ್ಕೆ ಕೋಟೆಯ ಪದ ನೋಡಿ: ಪೋರ್ಚುಗೀಸಿನಲ್ಲಿ ಕಸ್ತೆಲೊ, ಸ್ಪ್ಯಾನಿಷ್‌ನಲ್ಲಿ ಕಸ್ತಿಯೊ. ಇಟಾಲಿಯನ್, ಫ್ರೆಂಚ್‌ಗಳು ಈ ಪದವನ್ನು ಹಿಡಿಯಲಿಲ್ಲ. ಅವುಗಳ 'ಕೊತೊನ್ಯ', 'ಕ್ವೇಂ' ಎರಡೂ ಲ್ಯಾಟಿನ್ನಿನ 'ಕೊತೊನೆಉಮ್' ಮೂಲದವು. ಮಾರ್ಮಲೇಡ್ ಕೂಡ ಮೊದಲಿಗೆ ಸಕ್ಕರೆ ಹಾಕಿ ಗಟ್ಟಿಯಾಗಿ ಕಾಯಿಸಿದ ಕ್ವಿನ್ಸ್ ಪಾಕವೇ. ಪೋರ್ಚುಗಲ್‌ನಲ್ಲಿ 'ಮರ್ಮೆಲಾದ' ಎಂದರೆ ಇಂದಿಗೂ ಅದೇ.

ಬಿಲ್ವಕ್ಕೆ ಈ ಹೆಸರು ಅಂಟಿದ್ದು ಭಾರತದಲ್ಲಿ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಒರ್ಟಾ ಇದನ್ನು 'ಬಂಗಾಳದ ಮರ್ಮೆಲೊ' ಎಂದು ಕರೆಯುತ್ತಾನೆ. ಹೋಲಿಕೆ ಸುಮ್ಮನೆ ಮಾಡಿದ್ದಲ್ಲ: ಹಣ್ಣಾದಾಗ ಹಳದಿ ಬಣ್ಣ, ಗಾಢ ಪರಿಮಳ, ಕಾಯಿಯ ಒಗರು, ಬೀಜದ ಸುತ್ತ ಅಂಟು, ಭೇದಿಗೆ ಮದ್ದು. ಸಸ್ಯಕುಟುಂಬ ಮಾತ್ರ ಬೇರೆ. ಕ್ವಿನ್ಸ್ ಗುಲಾಬಿಯ ಕುಟುಂಬದ್ದು, ಬಿಲ್ವ ನಿಂಬೆಯದು.

ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದನ್ನು ಕ್ರಟೇವಾ ಮಾರ್ಮೆಲೋಸ್ ಎಂದ. 1800ರಲ್ಲಿ ಪೋರ್ಚುಗೀಸ್ ವಿದ್ವಾಂಸ ಕೊರೆಯಾ ಈಗ್ಲೆ ಜಾತಿಗೆ (ಜೀನಸ್) ಸೇರಿಸಿದ. ಈಗ್ಲೆ ಎಂದರೆ ಗ್ರೀಕ್ ಪುರಾಣದಲ್ಲಿ ಚಿನ್ನದ ಸೇಬುಗಳನ್ನು ಕಾಯುವ ಕನ್ಯೆಯರಲ್ಲೊಬ್ಬಳು. ಈಗ್ಲೆ ಸ್ತ್ರೀಲಿಂಗವೆಂದು ಕೆಲವರು 'ಮಾರ್ಮೆಲಾ' ಎಂದು ತಿದ್ದಲು ಹೋಗಬಹುದು. ಹಾಗೆ ಮಾಡಬಾರದು: ಮಾರ್ಮೆಲೋಸ್ ವಿಶೇಷಣವಲ್ಲ, ನಾಮಪದ, ಜಾತಿನಾಮದ ಲಿಂಗಕ್ಕೆ ತಕ್ಕಂತೆ ಅದು ಬದಲಾಗುವುದಿಲ್ಲ.