ಒಸೆಲ್ಲಾರಿಸ್ ಕ್ಲೌನ್ ಮೈಮೇಲೆ ಕಪ್ಪು ಕಲೆ: ರೋಗವೋ, ಹ್ಯಾಮರ್ ಕೋರಲ್ ಕುಟುಕೋ?

ಅಲೆಗೂಡು:

200 ಲೀಟರಿನ ಮಿಕ್ಸ್ಡ್ ರೀಫ್ (ಹಲವು ಬಗೆಯ ಹವಳವಿರುವ ಸಮುದ್ರನೀರಿನ ಅಕ್ವೇರಿಯಂ), ಕೆಳಗೆ ಸಂಪ್ (ಫಿಲ್ಟರ್ ತೊಟ್ಟಿ), ಶುರುವಾಗಿ ವರ್ಷ ದಾಟಿದೆ. ಮೀನುಗಳು: ಜೋಡಿ ಒಸೆಲ್ಲಾರಿಸ್ ಕ್ಲೌನ್, ಒಂದು ರಾಯಲ್ ಗ್ರಾಮಾ, ಇತ್ತೀಚೆಗೆ ಬಿಟ್ಟ ಒಂದು ಯೆಲ್ಲೋ ವಾಚ್‌ಮನ್ ಗೋಬಿ. ಗೋಬಿಗೆ ಕ್ವಾರಂಟೈನ್ ಆಗಿಲ್ಲ. ಹೆಚ್ಚೂಕಡಿಮೆ ಅದೇ ಹೊತ್ತಿಗೆ ನಾಲ್ಕು ತಲೆಯ, ಅಂದರೆ ನಾಲ್ಕು ಕವಲಿನ, ಹ್ಯಾಮರ್ ಕೋರಲ್ (ಹವಳ) ಕೂಡ ಟ್ಯಾಂಕ್ ಸೇರಿದೆ.

ಈಗ ಹೆಣ್ಣು ಕ್ಲೌನಿನ ಕೆನ್ನೆ, ಹೊಟ್ಟೆಯ ಕೆಳಭಾಗ, ಎದೆರೆಕ್ಕೆಯ ಅಂಚು ಇಷ್ಟು ಕಡೆ ಕಪ್ಪು ಕಲೆ ಕಾಣುತ್ತಿದೆ. ನಡುವಿನ ಬಿಳಿ ಪಟ್ಟಿಯ ಮೇಲೂ ಬೂದು ನೆರಳಿದೆ. ಗಂಡಿಗೆ ಏನೂ ಇಲ್ಲ. ಎರಡೂ ಮೈಸಿಸ್ (ಪುಟ್ಟ ಸೀಗಡಿ), ಪೆಲೆಟ್ ಎರಡನ್ನೂ ಮುಗಿಬಿದ್ದು ತಿನ್ನುತ್ತವೆ.

ನೀರು: ಸ್ಪೆಸಿಫಿಕ್ ಗ್ರಾವಿಟಿ 1.025, ಉಷ್ಣತೆ 25.5 ಡಿಗ್ರಿ, ಅಮೋನಿಯ ಮತ್ತು ನೈಟ್ರೈಟ್ ಸೊನ್ನೆ, ನೈಟ್ರೇಟ್ 10, ಆಲ್ಕಲಿನಿಟಿ 8.5 ಡಿಕೆಎಚ್. ಇದು ರೋಗವೇ? ಕಾಪರ್ (ತಾಮ್ರದ ಔಷಧಿ) ಹಾಕಬೇಕೆ?

ಹವಳದಂಡೆ:

ಕಾಪರ್ ಬಾಟಲಿ ಸದ್ಯಕ್ಕೆ ಕಪಾಟಿನಲ್ಲೇ ಇರಲಿ. ರೀಫ್ ಟ್ಯಾಂಕಿಗೆ ಬಿದ್ದರೆ ಸೀಗಡಿ, ಬಸವನಹುಳು, ಕೋರಲ್ ಎಲ್ಲಕ್ಕೂ ಕುತ್ತು. ಕಲ್ಲು ಮತ್ತು ಮರಳು ಅದನ್ನು ಹೀರಿಕೊಂಡು ಆಮೇಲೆ ನಿಧಾನವಾಗಿ ಬಿಡುತ್ತಾ ಇರುತ್ತವೆ. ಅದಕ್ಕಿಂತ ಮುಖ್ಯವಾಗಿ, ಕ್ಲೌನ್‌ಗಳನ್ನು ಬೇಗ ಕೊಲ್ಲುವ ರೋಗಗಳು ಕಪ್ಪಾಗಿ ಕಾಣುವುದಿಲ್ಲ. ಇಕ್ ಬಂದರೆ ಉಪ್ಪಿನ ಹರಳಿನ ಗಾತ್ರದ ಬಿಳಿ ಚುಕ್ಕಿ, ವೆಲ್ವೆಟ್ ಬಂದರೆ ನವಿರಾದ ಹೊಂಬಣ್ಣದ ಧೂಳು, ಬ್ರೂಕ್ಲಿನೆಲ್ಲಾ ಬಂದರೆ ಬಿಳಿ ಲೋಳೆ ಪದರವಾಗಿ ಸುಲಿಯುವುದು.

ನೀವು ಹೇಳಿದ ಜಾಗಗಳನ್ನು ನೋಡಿ: ಕೆನ್ನೆ, ಹೊಟ್ಟೆ, ಎದೆರೆಕ್ಕೆ. ಕೋರಲ್ ಒಳಗೆ ಮೈ ಉಜ್ಜುವಾಗ ಮೊದಲು ತಾಗುವುದೇ ಇವು. ಹ್ಯಾಮರ್‌ನ ಟೆಂಟಕಲ್‌ಗಳಲ್ಲಿ ಕುಟುಕುಕೋಶಗಳಿವೆ. ಚರ್ಮ ಕೆರಳಿದ ಕಡೆ ಮೆಲನೋಫೋರ್ ಎನ್ನುವ ಕಪ್ಪು ಬಣ್ಣದ ಕೋಶಗಳು ಹೆಚ್ಚುತ್ತವೆ, ಅಲ್ಲಿ ಮಸಿ ಒರೆಸಿದ ಹಾಗೆ ಕಲೆ ಮೂಡುತ್ತದೆ. ಹೊಸದಾಗಿ ಅನೆಮೋನ್ (ಕುಟುಕುವ, ಹೂವಿನಂಥ ಸಮುದ್ರಜೀವಿ), ಇಲ್ಲವೇ ಟಾರ್ಚ್, ಫ್ರಾಗ್‌ಸ್ಪಾನ್, ಗೋನಿಯೋಪೋರಾ ಕೋರಲ್‌ಗಳಲ್ಲಿ ಮನೆ ಮಾಡಿದ ಕ್ಲೌನ್‌ಗಳಲ್ಲೂ ಇದೇ ಆಗುತ್ತದೆ. ಜೋಡಿಯಲ್ಲಿ ಒಂದಕ್ಕೆ ಮಾತ್ರ ಬಂದಿದ್ದರೆ, ಕೋರಲ್‌ನಲ್ಲಿ ಹೆಚ್ಚು ಹೊತ್ತು ಕೂರುವುದು ಅದೇ ಇರಬೇಕು. ಹೆಚ್ಚಾಗಿ ಅದು ಹೆಣ್ಣೇ.

ಔಷಧಿ ಬೇಡ. ಕೆಲವು ವಾರಗಳಲ್ಲಿ ಕಲೆ ತಾನೇ ತಿಳಿಯಾಗುತ್ತದೆ. ಕೆಲವು ಮೀನುಗಳಲ್ಲಿ ಆ ಕೋರಲ್ ಬಿಡುವವರೆಗೂ ಬಂದು ಹೋಗಿ ಮಾಡುತ್ತಿರುತ್ತದೆ. ಅದರಿಂದ ಮೀನಿಗೆ ತೊಂದರೆಯಿಲ್ಲ.

ಸ್ಕಿಮ್ಮರ್‌ಕಪ್:

ಕುಟುಕು ಎನ್ನುವುದೇ ಹೆಚ್ಚು ಸಂಭವ, ಒಪ್ಪುತ್ತೇನೆ. ಆದರೆ ಕ್ವಾರಂಟೈನ್ ಆಗದ ಮೀನೊಂದು ಅದೇ ಹೊತ್ತಿಗೆ ಬಂದಿರುವಾಗ ಬ್ಲ್ಯಾಕ್ ಇಕ್ ಅಲ್ಲವೆಂದು ಖಚಿತಪಡಿಸಿಕೊಳ್ಳದೆ ಸುಮ್ಮನಿರಬಾರದು. ಹೆಸರಿನಲ್ಲಿ ಇಕ್ ಇದ್ದರೂ ಅದಕ್ಕೂ ಇಕ್‌ಗೂ ಸಂಬಂಧವಿಲ್ಲ. ಇದು ಟರ್ಬೆಲೇರಿಯನ್ ಗುಂಪಿನ ಚಪ್ಪಟೆ ಹುಳು, ಪ್ಯಾರಾವೋರ್ಟೆಕ್ಸ್. ಟ್ಯಾಂಗ್ ಎನ್ನುವ ಮೀನುಗಳಲ್ಲಿ ಹೆಚ್ಚು, ಬೇರೆ ಮೀನುಗಳಿಗೂ ಹತ್ತುತ್ತದೆ. ಮೀನಿನ ಮೈಮೇಲೆ ಕೆಲವು ದಿನ ಇದ್ದು ಮರಳಿಗೆ ಉದುರುತ್ತದೆ, ಅಲ್ಲಿ ಮರಿ ಹಾಕುತ್ತದೆ, ಮರಿಗಳು ಮತ್ತೆ ಮೀನು ಹುಡುಕುತ್ತವೆ. ಗೋಬಿ ಮರಳಲ್ಲೇ ಬಿದ್ದಿರುವ ಮೀನು, ಹಾಗಾಗಿ ಅದರ ಮೈಯನ್ನೂ ನೋಡಿ.

ಗುರುತಿಸುವುದು ಹೀಗೆ. ನೀಲಿ ಎಲ್‌ಇಡಿ ಪೂರ್ತಿ ಆರಿಸಿ ಬಿಳಿ ಬೆಳಕು ಮಾತ್ರ ಇಡಿ, ಪಂಪ್ ಒಂದು ನಿಮಿಷ ನಿಲ್ಲಿಸಿ, ಎರಡೂ ಪಕ್ಕದ ಫೋಟೋ ತೆಗೆಯಿರಿ. ಎರಡು ದಿನಕ್ಕೊಮ್ಮೆ ಅದೇ ಕೋನದಿಂದ ಮತ್ತೆ ತೆಗೆಯಿರಿ. ಕುಟುಕಿನ ಕಲೆಗೆ ಅಂಚು ಕಲಸಿರುತ್ತದೆ, ಆಕಾರ ಅಡ್ಡಾದಿಡ್ಡಿ, ಚರ್ಮದ ಮಟ್ಟದಲ್ಲೇ ಇರುತ್ತದೆ, ಜಾಗ ಬದಲಿಸುವುದಿಲ್ಲ. ಹುಳುವಾದರೆ ಮಿಲಿಮೀಟರಿಗಿಂತ ಚಿಕ್ಕ, ಸ್ಪಷ್ಟ ಅಂಚಿನ ಚುಕ್ಕಿಗಳು. ಹತ್ತಿರದಿಂದ ನೋಡಿದರೆ ತುಸು ಉಬ್ಬಿರುತ್ತವೆ. ಇಂದಿನ ಫೋಟೋದಲ್ಲಿ ಇದ್ದಲ್ಲಿ ನಾಳಿದ್ದು ಇರುವುದಿಲ್ಲ. ಜೊತೆಗೆ ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ಕ್ಲೌನ್ ಕೋರಲ್‌ಗೆ ಉಜ್ಜಿದರೆ ಅದು ಲೆಕ್ಕಕ್ಕಿಲ್ಲ, ಕಲ್ಲಿಗೋ ಮರಳಿಗೋ ಉಜ್ಜಿದರೆ ಗಮನಿಸಿ.

ಫೋಟೋ ನೋಡಿಯೂ ಅನುಮಾನ ಉಳಿದರೆ ಸಿಹಿನೀರಿನ ಡಿಪ್ ಮಾಡಿ. ಇದು ಚಿಕಿತ್ಸೆಗಿಂತ ಪರೀಕ್ಷೆಯಾಗಿ ಹೆಚ್ಚು ಉಪಯೋಗ. ತಳ ಬೆಳ್ಳಗಿರುವ ಟಬ್‌ನಲ್ಲಿ 5 ಲೀಟರ್ ಆರ್‌ಓ ನೀರು ಹಾಕಿ, ಹೀಟರ್ ಇಟ್ಟು ಟ್ಯಾಂಕಿನಷ್ಟೇ ಉಷ್ಣತೆಗೆ ತನ್ನಿ, ಏರ್‌ಸ್ಟೋನ್ ಅರ್ಧ ಗಂಟೆಯಾದರೂ ಓಡಲಿ. ಆರ್‌ಓ ನೀರಿನ ಪಿಎಚ್ ತಗ್ಗಿರುತ್ತದೆ. ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಕರಗಿಸುತ್ತಾ ಪ್ರತಿ ಸಲ ಅಳೆದು ಟ್ಯಾಂಕಿನ ಪಿಎಚ್‌ಗೆ ಹೊಂದಿಸಿ. ಡಿಪ್‌ನಲ್ಲಿ ಮೀನು ಸತ್ತರೆ ಉಪ್ಪಿಲ್ಲದ್ದಕ್ಕಿಂತ ಪಿಎಚ್, ಉಷ್ಣತೆ ಹೊಂದದ್ದು, ಗಾಳಿ ಸಾಲದ್ದು ಕಾರಣವಾಗಿರುವುದೇ ಹೆಚ್ಚು. ನಲ್ಲಿ ನೀರಾದರೆ ಡಿಕ್ಲೋರಿನೇಟರ್ ಕಡ್ಡಾಯ.

ಮೀನನ್ನು 3ರಿಂದ 5 ನಿಮಿಷ ಬಿಡಿ, ಕಣ್ಣು ತೆಗೆಯಬೇಡಿ. ಮೊದಲ ಅರ್ಧ ನಿಮಿಷ ಒದ್ದಾಡುವುದು, ಆಮೇಲೆ ವಾಲಿ ಮಲಗುವುದು ಸಾಮಾನ್ಯ. ಒದ್ದಾಟ ನಿಲ್ಲದಿದ್ದರೆ, ಕಿವಿರು ಬಡಿತ ನಿಂತು ನಿಂತು ಆದರೆ ತಕ್ಷಣ ವಾಪಸು. ತಳದಲ್ಲಿ ಕಪ್ಪು ಕಣಗಳು ಬಿದ್ದು ಮೀನಿನ ಮೈ ತಿಳಿಯಾದರೆ ಅದು ಹುಳು. ಕಲೆ ಹಾಗೇ ಇದ್ದರೆ ಬಣ್ಣವಷ್ಟೇ. ಮೀನು ಸೊರಗಿದ್ದರೆ, ಏದುಸಿರು ಬಿಡುತ್ತಿದ್ದರೆ ಈ ಪರೀಕ್ಷೆಗೆ ಕೈಹಾಕಬೇಡಿ.

ಹುಳುವೇ ಆದರೆ ಒಂದು ಮೀನಲ್ಲ, ಎಲ್ಲ ಮೀನೂ ಕ್ವಾರಂಟೈನ್ ಟ್ಯಾಂಕಿಗೆ ಹೋಗಬೇಕು. ಔಷಧಿ ಪ್ರಾಜಿಕ್ವಾಂಟೆಲ್, ಲೀಟರಿಗೆ 2.5 ಮಿಲಿಗ್ರಾಂ. 40 ಲೀಟರ್ ನೀರಿಗೆ 100 ಮಿಲಿಗ್ರಾಂ. ಟ್ಯಾಂಕಿನ ಹೊರ ಅಳತೆಯಿಂದಲ್ಲ, ಒಳಗೆ ನಿಜವಾಗಿ ಇರುವ ನೀರಿನಿಂದ ಲೆಕ್ಕ ಹಾಕಿ. ಪುಡಿ ಸುಲಭವಾಗಿ ಕರಗುವುದಿಲ್ಲ, ಸಣ್ಣ ಬಾಟಲಿಯಲ್ಲಿ ಟ್ಯಾಂಕ್ ನೀರು ಹಾಕಿ ಜೋರಾಗಿ ಕುಲುಕಿ ಪಂಪಿನ ಹರಿವಿಗೆ ಸುರಿಯಿರಿ. ಫಿಲ್ಟರಿನ ಕಾರ್ಬನ್ ತೆಗೆಯಿರಿ, ಯುವಿ ದೀಪ ಮತ್ತು ಸ್ಕಿಮ್ಮರ್ (ನೊರೆಯ ಮೂಲಕ ಕೊಳೆ ತೆಗೆಯುವ ಸಾಧನ) ನಿಲ್ಲಿಸಿ, ಏರ್‌ಪಂಪ್ ಜೋರು ಮಾಡಿ. 5ರಿಂದ 7 ದಿನಕ್ಕೆ ಕಾಲುಭಾಗ ನೀರು ಬದಲಿಸಿ ಎರಡನೇ ಡೋಸ್. ಒಂದೇ ಡೋಸಿಗೆ ನಿಲ್ಲಿಸಿದರೆ ಹುಳು ಮರುಕಳಿಸುತ್ತದೆ. ಮೀನಿನ ಹಸಿವು ಕಡಿಮೆಯಾಗುತ್ತದೆ, ತಿನ್ನದ ಆಹಾರ ಕೊಳೆಯಲು ಬಿಡಬೇಡಿ. ಇದನ್ನು ರೀಫ್‌ಗೇ ಹಾಕುವವರೂ ಇದ್ದಾರೆ. ಫೆದರ್ ಡಸ್ಟರ್ ಹುಳುಗಳು ಸಾಯಬಹುದು, ಹಳೆಯ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಔಷಧಿಯನ್ನು ಬೇಗ ತಿಂದುಹಾಕುತ್ತದೆ. ಲಾಭ ಕಡಿಮೆ.

ಬೆಳ್ಳುಳ್ಳಿ ರಸದಲ್ಲಿ ಆಹಾರ ನೆನೆಸಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರಿಂದ ಈ ಹುಳು ಹೋಗುವುದಿಲ್ಲ.

ಟೆಸ್ಟ್‌ಕಿಟ್:

ಎರಡೇ ಮಾತು. ಅಮೋನಿಯ ಒಮ್ಮೆ ಏರಿ ಇಳಿದಿದ್ದರೂ ಚರ್ಮ ಸುಟ್ಟು ವಾಸಿಯಾಗುವಾಗ ಕಪ್ಪು ಕಲೆ ಬರುತ್ತದೆ. ಇಂದಿನ ಸೊನ್ನೆ ಕಳೆದ ವಾರದ ಸೊನ್ನೆಯಲ್ಲ. ಆ ದಿನಗಳಲ್ಲಿ ಬಸವನಹುಳು ಸತ್ತಿತ್ತೇ, ಮರಳು ಕೆದಕಿದ್ದುಂಟೇ ನೆನಪು ಮಾಡಿಕೊಳ್ಳಿ. ಆದರೆ ಅಮೋನಿಯವಾಗಿದ್ದರೆ ಒಂದೇ ಮೀನಿಗೆ ತಟ್ಟುವುದು ಕಷ್ಟ, ಹಾಗಾಗಿ ನಿಮ್ಮಲ್ಲಿ ಇದು ದೂರದ ಮಾತು. ಇನ್ನು, ಕೆಲವು ಒಸೆಲ್ಲಾರಿಸ್ ತಳಿಗಳು ಬೆಳೆಯುತ್ತಾ ಸಹಜವಾಗಿ ಕಪ್ಪಾಗುತ್ತವೆ. ಅದು ಎರಡೂ ಪಕ್ಕ ಒಂದೇ ರೀತಿ ಹರಡುತ್ತದೆ, ತಿಂಗಳುಗಟ್ಟಲೆ ಹಿಡಿಯುತ್ತದೆ, ಹಿಂದೆ ಸರಿಯುವುದಿಲ್ಲ.

ಅಲೆಗೂಡು:

ಬಿಳಿ ಬೆಳಕಿನಲ್ಲಿ ಫೋಟೋ ಹೋಲಿಸಿದೆ. ಅಂಚು ಕಲಸಿದೆ, ಉಬ್ಬಿಲ್ಲ, ಕೆನ್ನೆಯ ಕಲೆ ಅಲ್ಲೇ ಇದೆ. ರೆಕ್ಕೆಯದು ಕೊಂಚ ತಿಳಿಯಾಗಿದೆ. ಗೋಬಿ ಸ್ವಚ್ಛ. ಹೆಣ್ಣು ರಾತ್ರಿ ಪೂರ್ತಿ ಹ್ಯಾಮರ್ ಒಳಗೇ ಮಲಗುತ್ತದೆ. ಹ್ಯಾಮರ್ ಅನ್ನು ಬೇರೆ ಕಡೆ ಇಡಬೇಕೆ, ಅಥವಾ ಬಬಲ್ ಟಿಪ್ ಅನೆಮೋನ್ ತಂದು ಕೊಟ್ಟರೆ ಅಲ್ಲಿಗೆ ಹೋಗುತ್ತದೆಯೇ?

ಹವಳದಂಡೆ:

ಹಾಗಾದರೆ ಕುಟುಕೇ, ಡಿಪ್ ಬೇಡ.

ಅನೆಮೋನ್ ಇದಕ್ಕೆ ಪರಿಹಾರವಲ್ಲ. ಸಮುದ್ರದಲ್ಲಿ ಸಹಜವಾಗಿ ಬದುಕುವ ಒಸೆಲ್ಲಾರಿಸ್‌ಗಳು ಮ್ಯಾಗ್ನಿಫಿಕಾ, ಜೈಜಾಂಟಿಯಾ, ಮೆರ್ಟೆನ್ಸಿಯೈ ಅನೆಮೋನ್‌ಗಳಲ್ಲಿ ವಾಸಿಸುತ್ತವೆ, ಬಬಲ್ ಟಿಪ್ ಆ ಪಟ್ಟಿಯಲ್ಲಿಲ್ಲ. ಟ್ಯಾಂಕಿನಲ್ಲಿ ಎಷ್ಟೋ ಕ್ಲೌನ್‌ಗಳು ಒಪ್ಪಿಕೊಳ್ಳುತ್ತವೆ ನಿಜ, ಒಪ್ಪದೇ ಇರುವವೂ ಉಂಟು. ಒಪ್ಪಿದರೆ ಹೊಸ ಕುಟುಕು, ಹೊಸ ಕಲೆ. ಜೊತೆಗೆ ಅನೆಮೋನ್ ನಡೆದಾಡಿ ಪಕ್ಕದ ಕೋರಲ್ ಸುಡುತ್ತದೆ, ಪವರ್‌ಹೆಡ್‌ಗೆ (ನೀರು ಹರಿಸುವ ಪಂಪ್) ಸಿಕ್ಕಿದರೆ ಟ್ಯಾಂಕೇ ಕೆಡುತ್ತದೆ.

ಹ್ಯಾಮರ್ ಸರಿಸಿದರೆ ಮೀನು ಹಿಂದೆಯೇ ಹೋಗುತ್ತದೆ. ಈಗಿರುವಲ್ಲೇ ಇರಲಿ, ಸುತ್ತ 15 ಸೆಂಟಿಮೀಟರ್ ಬೇರೆ ಕೋರಲ್ ಇಲ್ಲದಂತೆ ನೋಡಿಕೊಳ್ಳಿ, ರಾತ್ರಿ ಅದು ಚಾಚುವ ಸ್ವೀಪರ್ ಟೆಂಟಕಲ್‌ಗೆ ಅಷ್ಟಾದರೂ ಜಾಗ ಬೇಕು. ಇನ್ನು ಮುಂದೆ ಮೀನಿಗಿಂತ ಹ್ಯಾಮರ್ ಮೇಲೆ ಕಣ್ಣಿಡಿ. ದೊಡ್ಡ ಹೆಣ್ಣು ದಿನವಿಡೀ ಮೈ ಉಜ್ಜಿದರೆ ಸಣ್ಣ ಕೋರಲ್‌ಗೆ ಅರಳುವುದೇ ಆಗುವುದಿಲ್ಲ. ಮೂರು ನಾಲ್ಕು ದಿನ ಹಗಲಲ್ಲೂ ಮುದುಡಿಕೊಂಡೇ ಇದ್ದರೆ, ಮಾಂಸ ಅಸ್ಥಿಪಂಜರದ ಅಂಚಿನಿಂದ ಹಿಂದೆ ಸರಿದರೆ, ರಂಧ್ರವಿರುವ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಬೋರಲು ಹಾಕಿ ಒಂದೆರಡು ವಾರ ಮೀನನ್ನು ದೂರವಿಡಿ. ಹರಿವು, ಬೆಳಕು ಎರಡೂ ಒಳಗೆ ಸಿಗುವಷ್ಟು ರಂಧ್ರ ದೊಡ್ಡದಿರಲಿ. ಯಾವುದಾದರೂ ತಲೆಯ ಮೇಲೆ ಕಂದು ಲೋಳೆ ಕಂಡರೆ ಕಾಯಬೇಡಿ: ಪಂಪ್ ನಿಲ್ಲಿಸಿ ಸಣ್ಣ ಕೊಳವೆಯಿಂದ ಲೋಳೆಯನ್ನು ಹೊರಗೆ ಹೀರಿ, ಆ ತಲೆಯನ್ನು ಕತ್ತರಿಸಿ ತೆಗೆದುಬಿಡಿ. ಅದು ಒಂದರಿಂದ ಇನ್ನೊಂದು ತಲೆಗೆ ಬಲು ಬೇಗ ಹಬ್ಬುತ್ತದೆ.