ಬರೀ ಮಲಗೋಕೆ ತಾನೇ!

“ಹೋಟೆಲು ಬರೀ ಮಲಗೋಕೆ ತಾನೇ ಅಕ್ಕ? ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋಬೇಕು?” ಅಂದ ಸೀನ, ಫೋನನ್ನು ಎಲ್ಲರ ಮೂಗಿನ ಮುಂದೂ ಒಂದು ಸುತ್ತು ತಂದು. ಹೆಂಡತಿ ಪದ್ಮ, ಅತ್ತೆ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಅಮೆರಿಕದ ಥೀಮ್ ಪಾರ್ಕಿಗೆ ಹೊರಟಿದ್ದಾನೆ. “ನೋಡಿ, ಥೀಮ್ ಪಾರ್ಕಿಗೆ 800 ಮೀಟರು. ಐದು ಜನಕ್ಕೆ ಜಾಗ. ಬೆಳಗಿನ ತಿಂಡಿ ಉಚಿತ, ಶಟಲ್ ಬಸ್ಸು ಉಚಿತ. ಆ ರಸ್ತೆಗೇ ಇದು ಅಗ್ಗ.”

“ಮಲಗೋಕೆ ತಾನೇ? ಸರಿಯಪ್ಪ, ಮಲಗೋದರ ಬಗ್ಗೆನೇ ಮಾತಾಡೋಣ” ಅಂದಳು ಸಾವಿತ್ರಕ್ಕ. “ಹಾಸಿಗೆ ಎಂಥವು?”

“ಎರಡು ಡಬಲ್ಲು, ಒಂದು ಸೋಫಾ ಬೆಡ್ಡು.”

“ಡಬಲ್ಲೋ, ಕ್ವೀನೋ?”

“ಎರಡೂ ಒಂದೇ ಅಲ್ವಾ?”

ಮೂರ್ತಿರಾಯರು ನೆಟ್ಟಗೆ ಕೂತರು. ಅಳತೆಯ ಮಾತು ಬಂದರೆ ರಾಯರನ್ನು ಹಿಡಿಯುವವರಿಲ್ಲ. “ಅಮೆರಿಕದ ಲೆಕ್ಕದಲ್ಲಿ ಕ್ವೀನ್ 60 ಇಂಚು ಅಗಲ, 80 ಇಂಚು ಉದ್ದ. ಡಬಲ್ 54 ಅಗಲ, 75 ಉದ್ದ. ಪಟ್ಟಿಯಲ್ಲಿ ಫುಲ್ ಅಂತ ಬರೆದಿದ್ದರೂ ಅದೇನೇ.”

“54ನ್ನ ಇಬ್ಬರಿಗೆ ಹಂಚು ಸೀನ.”

“ತಲಾ 27.”

“ಮಗು ಮಲಗೋ ಕ್ರಿಬ್ಬಿನ ಒಳಗಲ ಎಷ್ಟು ರಾಯರೇ?”

“ಹೆಚ್ಚುಕಮ್ಮಿ 28.”

“ತಗೋ. ನಿನಗೂ ಪದ್ಮಂಗೂ ಕೂಸಿಗಿಂತ ಒಂದಿಂಚು ಕಮ್ಮಿ. ಅದಕ್ಕಾದ್ರೂ ಸುತ್ತ ಕಟಕಟೆ ಇರುತ್ತೆ, ಬೀಳಲ್ಲ. ನಿಮಗೆ ಅದೂ ಇಲ್ಲ.”

ಗೋಪಿ ಮಧ್ಯೆ ಬಾಯಿ ಹಾಕಿದ. “ಒಂದಿಂಚಿಗೆ ಯಾಕೆ ದುಡ್ಡು ಸುರೀಬೇಕು? ದಿನವಿಡೀ ಪಾರ್ಕಲ್ಲಿ ನಡೆದಿರ್ತಾರೆ. ಬಿದ್ದ ಕಡೆ ನಿದ್ದೆ ಬರುತ್ತೆ.”

“ಬಿದ್ದ ಕಡೆ ಅಂದ್ರೆ ನೆಲದ ಮೇಲಾ?”

“ಸೋಫಾ ಬೆಡ್ಡು ಇದೆಯಲ್ಲಕ್ಕ” ಅಂದ ಸೀನ. “ಅತ್ತೆಯವರಿಗೆ.”

ಸಾವಿತ್ರಕ್ಕ ಒಂದು ಗಳಿಗೆ ಸುಮ್ಮನಿದ್ದಳು. “ಸೋಫಾ ಬೆಡ್ಡಿನ ಕಥೆ ನಿಂಗೊತ್ತಿಲ್ಲ. ಮಡಚೋಕೆ ಆಗಬೇಕಲ್ಲ, ಅದಕ್ಕೇ ಆ ಹಾಸಿಗೆ ತೆಳ್ಳಗಿರುತ್ತೆ. ಅದರ ಕೆಳಗೆ ಅಡ್ಡಕ್ಕೆ ಒಂದು ಕಬ್ಬಿಣದ ಸರಳು, ಸರಿಯಾಗಿ ಸೊಂಟದ ಹತ್ತಿರ. ಅದನ್ನ ಬಿಡಿಸಿ ಹಾಕಿದ ಮೇಲೆ ಬಚ್ಚಲಿಗೆ ಹೋಗೋ ದಾರಿ ಮುಚ್ಚಿಹೋಗುತ್ತೆ. ರಾತ್ರಿ ಮಗು ಎದ್ರೆ ಅತ್ತೆಯವರನ್ನ ದಾಟ್ಕೊಂಡೇ ಹೋಗಬೇಕು. ಅಲ್ಲಿ ಮಲಗಿಸೋದಾದ್ರೆ ದೊಡ್ಡ ಹುಡುಗನ್ನ ಮಲಗಿಸು. ಮತ್ತೆ, ಅದಕ್ಕೆ ಹಾಸೋ ಬಟ್ಟೆ, ದಿಂಬು ರೂಮಲ್ಲಿ ಇದ್ದೇ ಇರುತ್ತೆ ಅನ್ಕೋಬೇಡ. ಚೆಕ್-ಇನ್ ಮಾಡುವಾಗಲೇ ಕೇಳಿ ಇಸ್ಕೋ. ರಾತ್ರಿ ಹನ್ನೊಂದಕ್ಕೆ ಕೇಳಿದ್ರೆ ಕೌಂಟರಿನಲ್ಲಿ ಒಬ್ಬನೇ ಇರ್ತಾನೆ, ಅವನು ಫೋನಲ್ಲಿರ್ತಾನೆ.”

“ಚಿಕ್ಕದಕ್ಕೆ ಕ್ರಿಬ್ ಬೇಕು ಅಂತ ಬುಕ್ಕಿಂಗಿನಲ್ಲೇ ಬರೆದಿದೀನಿ.”

“ನೀನು ಬರೆದಿದ್ದು ಕೋರಿಕೆ. ಅವರು ಕೊಟ್ಟರೆ ಕೊಟ್ಟರು. ಇಡೀ ಹೋಟೆಲಿಗೆ ನಾಲ್ಕೈದು ಕ್ರಿಬ್ ಇದ್ರೆ ಮೊದಲು ಬಂದವರಿಗೆ ಮೊದಲು. ಹೊರಡೋಕೆ ಎರಡು ದಿನ ಮುಂಚೆ ಹೋಟೆಲಿಗೇ ಫೋನ್ ಮಾಡು. ಬುಕ್ಕಿಂಗ್ ಸೈಟಿಗಲ್ಲ, ಹೋಟೆಲಿಗೆ. ಆಗಲೇ ಇನ್ನೊಂದು ಕೇಳು: ಕ್ರಿಬ್ಬಿನ ಮಗುವನ್ನ ತಲೆ ಲೆಕ್ಕಕ್ಕೆ ಹಿಡೀತೀರಾ, ಇಲ್ವಾ ಅಂತ. ಕೆಲವರು ಹಿಡೀತಾರೆ, ಕೆಲವರು ಬಿಡ್ತಾರೆ. ಬೆಂಕಿ ಸುರಕ್ಷತೆ ನಿಯಮದ ಪ್ರಕಾರ ಒಂದು ರೂಮಿಗೆ ಇಷ್ಟೇ ಜನ ಅಂತಿರುತ್ತೆ. ನಾಲ್ಕು ಜನ ಅಂತ ಬುಕ್ ಮಾಡಿ ಐದು ಜನ ಹೋಗಿ ನಿಂತರೆ, ಆವತ್ತಿನ ರೇಟಿಗೆ ಇನ್ನೊಂದು ರೂಮು ತಗೊಳ್ಳಿ ಅಂತಾರೆ.”

“ಮಕ್ಕಳಿಗೆ ಉಚಿತ ಅಂತ ಹಾಕಿದಾರಲ್ಲ?” ಗೋಪಿಗೆ ಉಚಿತ ಅನ್ನುವುದು ಎಲ್ಲಿ ಕಂಡರೂ ಜೀವ ಬರುತ್ತದೆ.

ರಾಯರಿಗೂ ಬಂತು. “ಅದಕ್ಕೊಂದು ಚರಿತ್ರೆ ಇದೆ. 1951ರಲ್ಲಿ ಕೆಮನ್ಸ್ ವಿಲ್ಸನ್ ಅನ್ನೋ ಮೆಂಫಿಸ್ ಊರಿನ ವ್ಯಾಪಾರಿ ಹೆಂಡತಿ, ಐದು ಮಕ್ಕಳನ್ನ ಕಟ್ಕೊಂಡು ವಾಷಿಂಗ್ಟನ್ ನೋಡೋಕೆ ಹೊರಟ. ದಾರಿಯ ಮೋಟೆಲುಗಳವರು ಮಕ್ಕಳಿಗೆ ತಲೆಗಿಷ್ಟು ಅಂತ ಹೆಚ್ಚುವರಿ ಕೇಳಿದ್ರು. ಸಿಟ್ಟು ಬಂತು. ಮಾರನೇ ವರ್ಷ ಮೆಂಫಿಸಿನಲ್ಲಿ ತಾನೇ ಮೊದಲನೇ ಹಾಲಿಡೇ ಇನ್ ತೆರೆದ, ಅಪ್ಪ ಅಮ್ಮನ ರೂಮಲ್ಲಿರೋ ಮಕ್ಕಳಿಗೆ ದುಡ್ಡಿಲ್ಲ ಅಂದ.”

“ಸಿಟ್ಟು ಬಂದ್ರೆ ಹಾಗೆ ಬರಬೇಕು ನೋಡಿ” ಅಂದಳು ಸಾವಿತ್ರಕ್ಕ. “ನಮ್ಮ ಸೀನನಿಗೆ ಸಿಟ್ಟು ಬಂದ್ರೆ ಒಂದು ಸ್ಟಾರ್ ಕೊಡ್ತಾನೆ, ಅಷ್ಟೇ. ಆದ್ರೆ ಗೋಪಿ, ಉಚಿತ ಅಂದ್ರೆ ಇರೋ ಹಾಸಿಗೆಯಲ್ಲಿ ಒತ್ತರಿಸಿಕೊಂಡು ಮಲಗಿದರೆ ಉಚಿತ. ಮಡಚೋ ಮಂಚ ಹೆಚ್ಚಿಗೆ ಕೇಳಿದ್ರೆ ಅದಕ್ಕೆ ಬೇರೆ ದುಡ್ಡು. ಕೆಲವು ಕಡೆ ಡಬಲ್ ಹಾಸಿಗೆ ಎರಡಿರೋ ರೂಮಿಗೆ ಮಡಚೋ ಮಂಚ ಕೊಡೋದೇ ಇಲ್ಲ, ಜಾಗ ಎಲ್ಲಿದೆ?”

ಸೀನ ಈ ಹೊತ್ತಿಗೆ ಫೋನಿನಲ್ಲಿ ಇನ್ನೊಂದು ವಿಡಿಯೋ ಹಚ್ಚಿದ್ದ. “ಅಕ್ಕ, ನಾವು ರೂಮಲ್ಲಿ ಇರೋದೇ ಇಲ್ಲ. ರೋಪ್ ಡ್ರಾಪ್ ಮಾಡ್ತೀವಿ. ಗೇಟು ತೆಗೆಯೋಕೆ ಮುಂಚೆನೇ ಹೋಗಿ ನಿಂತು, ಹಗ್ಗ ಸರಿಸಿದ ತಕ್ಷಣ ಓಡೋದು. ರಾತ್ರಿ ಬಾಣಬಿರುಸು ಮುಗಿಸಿಕೊಂಡೇ ವಾಪಸು. ಎಲ್ಲರೂ ಈಗ ಹಾಗೇ ಮಾಡೋದು.”

“ಇದು ರಜೆನೋ, ಸೈನ್ಯಕ್ಕೆ ಭರ್ತಿನೋ? ಎರಡು ವರ್ಷದ ಮಗೂನ ಹದಿನಾಲ್ಕು ಗಂಟೆ ಹೊತ್ಕೊಂಡು ತಿರುಗ್ತೀಯ, ಯಾಕೆ? ಟಿಕೆಟ್ಟಿನ ದುಡ್ಡು ಗಂಟೆ ಲೆಕ್ಕದಲ್ಲಿ ಹುಟ್ಟಬೇಕು ಅಂತ. ಅದಕ್ಕೆ ಟಿಕೆಟ್ಟೇ ಇಲ್ಲ. ನಿನ್ನ ಹಾಗೆ ಅದಕ್ಕೆ ವಸೂಲಿ ಮಾಡೋದೇನೂ ಇಲ್ಲ, ಮಧ್ಯಾಹ್ನ ಎರಡಕ್ಕೆ ನಿದ್ದೆ ಬೇಕು, ಅಷ್ಟೇ.”

“ಬೇರೆ ತೊಂದರೆನೂ ಇದೆ” ಅಂದರು ರಾಯರು. “ಫ್ಲಾರಿಡಾದ ಡಿಸ್ನಿ ವರ್ಲ್ಡ್ ತಗೊಳ್ಳಿ. ಅವರದೇ ಹೋಟೆಲಲ್ಲಿ ಇಳಿದವರಿಗೆ ದಿನಾ 30 ನಿಮಿಷ ಮುಂಚೆ ಒಳಗೆ ಬಿಡ್ತಾರೆ. ಹೊರಗಿನ ಅಗ್ಗದ ಹೋಟೆಲಿಂದ ನಸುಕಿನಲ್ಲೆದ್ದು ಹೋಗಿ ಗೇಟಲ್ಲಿ ಮೊದಲು ನಿಂತರೂ, ಒಳಗೆ ಹೋಗೋ ಹೊತ್ತಿಗೆ ಹೆಸರುವಾಸಿ ರೈಡಿನ ಮುಂದೆ ಅವರೆಲ್ಲ ಆಗಲೇ ಸಾಲು ನಿಂತಿರ್ತಾರೆ.”

“ನಿದ್ದೆನೂ ಹೋಯ್ತು, ರೈಡೂ ಹೋಯ್ತು. ಜೊತೆಗೆ ಉಚಿತ ತಿಂಡಿನೂ. ತಿಂಡಿ ಎಷ್ಟು ಗಂಟೆಗೆ ಶುರು ಅಂತ ಹಾಕಿದಾರೆ ನೋಡು.”

ಸೀನ ಪುಟ ಸರಿಸಿದ. “ಏಳರಿಂದ ಹತ್ತು.”

“ಏಳಕ್ಕೆ ನೀನು ಗೇಟಲ್ಲಿರಬೇಕು ಅಂತೀಯ. ಆ ತಿಂಡಿಗೂ ಸೇರಿಸೇ ದುಡ್ಡು ಕೊಟ್ಟಿರ್ತೀಯ.”

ಗೋಪಿಯ ಮುಖ ಬಾಡಿತು. ತಿನ್ನದ ತಿಂಡಿಗೆ ದುಡ್ಡು ಕೊಡುವ ಕಲ್ಪನೆಯೇ ಅವನಿಗೆ ತಡೆಯದು. ಸಮಾಧಾನಕ್ಕೆ ಈಜುಕೊಳದ ವಿಷಯ ತೆಗೆದ. ಅದು ಎಷ್ಟು ಗಂಟೆಗೆ ಮುಚ್ಚುತ್ತದೆ, ಚಳಿಗಾಲದಲ್ಲಿ ನೀರು ಬೆಚ್ಚಗಿರುತ್ತದೋ ಇಲ್ಲವೋ ಕೇಳಬೇಕು ಅಂತ ಎಲ್ಲರೂ ಒಪ್ಪಿ ಆ ಮಾತನ್ನು ಅಲ್ಲಿಗೇ ಬಿಟ್ಟರು.

“800 ಮೀಟರು ಅನ್ನೋದನ್ನಾದ್ರೂ ಒಪ್ಕೋತೀರಾ?” ಅಂದ ಸೀನ.

“ಯಾವುದರಿಂದ ಯಾವುದಕ್ಕೆ 800?”

“ಹೋಟೆಲಿಂದ ಪಾರ್ಕಿಗೆ.”

“ಪಾರ್ಕಿನ ಬೇಲಿಗೋ, ಗೇಟಿಗೋ? ಬುಕ್ಕಿಂಗ್ ಸೈಟಿನವರು ಅಳೆಯೋದು ಕಾಗೆ ಹಾರೋ ದಾರಿ. ನಡುವೆ ಹೆದ್ದಾರಿ ಇರುತ್ತೆ, ದಾಟೋಕೆ ಸೇತುವೆ ಒಂದು ಮೈಲಿ ಆಚೆ ಇರುತ್ತೆ. ನಕ್ಷೆ ತೆಗೆದು ಹೋಟೆಲಿನ ಬಾಗಿಲಿಂದ ಪಾರ್ಕಿನ ಭದ್ರತಾ ತಪಾಸಣೆವರೆಗೆ ನಡೆಯೋ ದಾರಿ ಕೇಳು. ಅಲ್ಲಿ ಬಂದ ನಿಮಿಷಕ್ಕೆ ಅರ್ಧ ಸೇರಿಸು, ನಿನ್ನ ಜೊತೆ ಮಕ್ಕಳಿದಾರೆ. ಆಮೇಲೆ ರಸ್ತೆಯ ಫೋಟೋ ತೆಗೆದು ಕಾಲುದಾರಿ ಉದ್ದಕ್ಕೂ ಇದೆಯಾ, ತಳ್ಳುಗಾಡಿ ಹೋಗುತ್ತಾ ನೋಡು.”

“ಯಾವ ಊರಿನ ಪಾರ್ಕು ಅನ್ನೋದರ ಮೇಲೂ ಹೋಗುತ್ತೆ” ಅಂತ ರಾಯರು ಮತ್ತೆ ಶುರುಮಾಡಿದರು. “ಕ್ಯಾಲಿಫೋರ್ನಿಯಾದ ಆನಹೈಮಿನಲ್ಲಿ 1955ರಲ್ಲಿ ಡಿಸ್ನಿಲ್ಯಾಂಡ್ ಕಟ್ಟುವಾಗ ವಾಲ್ಟ್ ಡಿಸ್ನಿ ಕೈಲಿದ್ದಿದ್ದು 160 ಎಕರೆ. ಹೋಟೆಲ್ ಕಟ್ಟೋಕೆ ದುಡ್ಡಿರಲಿಲ್ಲ. ಡಿಸ್ನಿಲ್ಯಾಂಡ್ ಹೋಟೆಲ್ ಅಂತ ಹೆಸರಿದ್ದಿದ್ದನ್ನೂ ಕಟ್ಟಿದವನು ಜ್ಯಾಕ್ ರ‍್ಯಾದರ್ ಅನ್ನೋ ಬೇರೆಯವನು, ಕಂಪನಿ ಅದನ್ನ ಕೊಂಡುಕೊಂಡಿದ್ದು 1988ರಲ್ಲಿ. ಪಾರ್ಕಿನ ಸುತ್ತ ಯಾರ‍್ಯಾರೋ ಮೋಟೆಲ್ ಎಬ್ಬಿಸಿದರು. ಅದು ವಾಲ್ಟ್‌ಗೆ ಹಿಡಿಸಲಿಲ್ಲ. ಹಾಗಾಗಿ ಫ್ಲಾರಿಡಾದಲ್ಲಿ ಸುಮಾರು 27,000 ಎಕರೆ ಕೊಂಡರು.”

“ಅವರ ಹೊಟ್ಟೆಕಿಚ್ಚು ನಮಗೆ ಉಪಕಾರ ಆಯ್ತು ನೋಡು” ಅಂದಳು ಸಾವಿತ್ರಕ್ಕ. “ಆನಹೈಮಿನಲ್ಲಿ ಇವತ್ತಿಗೂ ರಸ್ತೆ ದಾಟಿದರೆ ಪಾರ್ಕು, ಅಂಥ ಸಣ್ಣ ಹೋಟೆಲುಗಳಿವೆ. ಅಲ್ಲಿ ನಡೆದು ಹೋಗೋಕಾಗೋದು ಸಿಕ್ಕಿದರೆ ಸ್ವಲ್ಪ ದುಬಾರಿಯಾದರೂ ಹಿಡಿ. ಫ್ಲಾರಿಡಾದಲ್ಲಿ ‘ಗೇಟಿನ ಪಕ್ಕ’ ಅಂದ್ರೆ ಆ ಕಾಡಿನಂಥ ಜಾಗದ ಅಂಚು. ಮ್ಯಾಜಿಕ್ ಕಿಂಗ್‌ಡಮ್ ಅನ್ನೋ ಡಿಸ್ನಿ ಪಾರ್ಕಿಗೆ ಕಾರಲ್ಲಿ ಹೋದ್ರೂ ಕಾರು ನಿಲ್ಲಿಸಿ ಆಮೇಲೆ ದೋಣಿನೋ ಮಾನೋರೈಲೋ ಹತ್ತಬೇಕು. ಅಲ್ಲಿ ಮೀಟರು ಲೆಕ್ಕ ಮಾಡ್ಬೇಡ, ನಿಮಿಷ ಲೆಕ್ಕ ಮಾಡು.”

“ಶಟಲ್ ಇದೆಯಲ್ಲ.”

“ದಿನಕ್ಕೆ ಎಷ್ಟು ಸಲ? ಅದು ಕೇಳು. ಎಷ್ಟು ಹೋಟೆಲು ಸುತ್ತಿ ಹೋಗುತ್ತೆ? ಸೀಟು ಮೊದಲೇ ಹೇಳಬೇಕಾ? ಕೊನೇ ಬಸ್ಸು ಎಷ್ಟಕ್ಕೆ? ಪಾರ್ಕು ಹತ್ತಕ್ಕೆ ಮುಚ್ಚಿ, ಕೊನೇ ಬಸ್ಸು ಹತ್ತು ಹದಿನೈದಕ್ಕೆ ಅಂದ್ರೆ ಅದು ನಿನಗಲ್ಲ. ಬಾಣಬಿರುಸು ನೋಡಿದ ಜನವೆಲ್ಲ ಒಂದೇ ಬಾಗಿಲಲ್ಲಿ ಹೊರಗೆ ಬರ್ತಾರೆ. ಬಸ್ಸು ಹತ್ತುವಾಗ ತಳ್ಳುಗಾಡಿ ಮಡಚಬೇಕು, ಅದರಲ್ಲಿ ಮಗು ಮಲಗಿರುತ್ತೆ, ಎಬ್ಬಿಸಬೇಕು. ಮಧ್ಯಾಹ್ನ ಬಸ್ಸು ಇರೋದೇ ಇಲ್ಲ ಅನ್ನೋ ಹೋಟೆಲುಗಳೂ ಇವೆ. ಮಗು ನಿದ್ದೆ ಮಾಡೋದು ಆಗಲೇ.”

ರಾಯರು ಅಷ್ಟರಲ್ಲಿ ಕಾಗದದಲ್ಲಿ ಗೆರೆ ಎಳೆದಿದ್ದರು. ಬಾಡಿಗೆ, ತೆರಿಗೆ, ರೆಸಾರ್ಟ್ ಫೀ, ಹೋಟೆಲಿನ ಕಾರ್ ಪಾರ್ಕಿಂಗ್, ಇಷ್ಟನ್ನೂ ಎಷ್ಟು ರಾತ್ರಿಯೋ ಅಷ್ಟರಿಂದ ಗುಣಿಸು. ಥೀಮ್ ಪಾರ್ಕಿನ ಪಾರ್ಕಿಂಗನ್ನೋ ಹೋಗಿ ಬರುವ ಟ್ಯಾಕ್ಸಿಯನ್ನೋ ಎಷ್ಟು ಹಗಲೋ ಅಷ್ಟರಿಂದ. ತಿಂಡಿ ಇಲ್ಲದಿದ್ದರೆ ಐದು ಜನರ ತಿಂಡಿ. ಕೂಡಿ, ರಾತ್ರಿಗಳಿಂದ ಭಾಗಿಸಿದರೆ ನಿಜವಾದ ಬೆಲೆ. ಹಾಗೆ ನೋಡಿದಾಗ ಪಟ್ಟಿಯ ತಲೆಯಲ್ಲಿದ್ದ ಸೀನನ ಹೋಟೆಲು ನಾಲ್ಕನೆಯ ಸಾಲಿಗೆ ಇಳಿಯಿತು.

“ರೆಸಾರ್ಟ್ ಫೀ ಅಂದ್ರೇನು? ಇದು ರೆಸಾರ್ಟೇ ಅಲ್ಲ!” ಗೋಪಿ ಹೌಹಾರಿದ.

“ಬಾಡಿಗೆ ಮೇಲೆ ಕಡ್ಡಾಯವಾಗಿ ಕೀಳೋ ದುಡ್ಡು. ಕೊಳ ನೋಡಿದ್ದಕ್ಕೆ, ವೈಫೈ ಹತ್ತಿದ್ದಕ್ಕೆ, ಲಾಬಿಯಲ್ಲಿ ಉಸಿರಾಡಿದ್ದಕ್ಕೆ” ಅಂದಳು ಸಾವಿತ್ರಕ್ಕ.

“ಅಮೆರಿಕದಲ್ಲಿ 2025ರ ಮೇ 12ರಿಂದ ಕಡ್ಡಾಯದ ಶುಲ್ಕವನ್ನೆಲ್ಲ ಮೊದಲು ತೋರಿಸೋ ಬೆಲೆಯಲ್ಲೇ ಸೇರಿಸಬೇಕು ಅಂತ ನಿಯಮ ಬಂದಿದೆ” ಅಂದರು ರಾಯರು. “ಆದರೆ ಸರ್ಕಾರದ ತೆರಿಗೆಯನ್ನ ಆಮೇಲೆ ಸೇರಿಸಬಹುದು. ಕಾರ್ ಪಾರ್ಕಿಂಗು ಬೇಕಾದರೆ ತಗೊಳ್ಳೋದು ಅಂತಿದ್ದರೆ ಅದೂ ಹೊರಗೇ.”

“ಇದರ ಮೇಲೆ ಚೆಕ್-ಇನ್ನಿನಲ್ಲಿ ಕಾರ್ಡಿನಿಂದ ಒಂದಷ್ಟು ದುಡ್ಡು ತಡೆಹಿಡೀತಾರೆ” ಅಂತ ಸಾವಿತ್ರಕ್ಕ ಸೇರಿಸಿದಳು. “ಹೋಗುವಾಗ ಬಿಡ್ತಾರೆ, ಖಾತೆಗೆ ವಾಪಸಾಗೋಕೆ ಕೆಲವು ದಿನ ಹಿಡಿಯುತ್ತೆ. ಡೆಬಿಟ್ ಕಾರ್ಡು ಕೊಟ್ಟರೆ ಪ್ರವಾಸದ ನಡುವೆ ನಿನ್ನ ದುಡ್ಡೇ ನಿನಗೆ ಸಿಗಲ್ಲ.”

ಸೀನ ಸೋತ ದನಿಯಲ್ಲಿ, “ಹಾಗಾದ್ರೆ ಸಣ್ಣ ರೂಮು ಎರಡು ತಗೊಳ್ಳೋದೇ ವಾಸಿ. ಅಕ್ಕಪಕ್ಕ ಕೊಡಿ ಅಂತ ಬರೀತೀನಿ” ಅಂದ.

“ಅಕ್ಕಪಕ್ಕ ಅಂದ್ರೆ ಗೋಡೆ ಮಾತ್ರ ಒಂದೇ. ನಡುವೆ ಬಾಗಿಲು ಬೇಕಾದ್ರೆ ಕನೆಕ್ಟಿಂಗ್ ಅಂತಲೇ ಕೇಳಬೇಕು, ‘ಖಾತ್ರಿಯಾ?’ ಅಂತ ಬಾಯಿಬಿಟ್ಟು ಕೇಳಬೇಕು. ಅಲ್ಲಿ ಒಂದಲ್ಲ, ಬೆನ್ನಿಗೆ ಬೆನ್ನು ಹಚ್ಚಿ ಎರಡು ಬಾಗಿಲಿರುತ್ತೆ. ಚಿಲಕ ಅವರವರ ಕಡೆಗೆ. ಎರಡೂ ಕಡೆಯವರು ತೆಗೆದರೇನೇ ದಾರಿ.”

“ದೊಡ್ಡವನು ಅಜ್ಜಿ ಜೊತೆ ಆ ಕಡೆ ಇರಲಿ. ಹೇಗೂ ನಮ್ಮ ಕಡೆಗೇ ಓಡಿ ಬರ್ತಿರ್ತಾನೆ.”

“ಎಷ್ಟು ಅವನಿಗೆ?”

“ಒಂಬತ್ತು.”

“ಡಿಸ್ನಿಯವರ ಟಿಕೆಟ್ಟಿನಲ್ಲಿ ಹತ್ತಕ್ಕೆ ದೊಡ್ಡವರು” ಅಂದರು ರಾಯರು, ಲೆಕ್ಕಕ್ಕೆ ಹೇಳುವ ಹಾಗೆ.

“ಈ ಸಲ ಬಾಗಿಲು ತೆಗೆದೇ ಇಟ್ಕೊಳ್ಳಿ” ಅಂದಳು ಸಾವಿತ್ರಕ್ಕ. “ಇನ್ನು ನಾಲ್ಕು ವರ್ಷ ಬಿಟ್ಟು ಹೋದಾಗ ಅವನೇ ಆ ಕಡೆಯಿಂದ ಚಿಲಕ ಹಾಕ್ಕೋತಾನೆ. ನೀನು ಈ ಕಡೆ ತಟ್ಟಿ ‘ಏನೋ, ತಿಂಡಿಗೆ ಬರ್ತೀಯೇನೋ’ ಅಂತ ಕೇಳ್ತಾ ನಿಂತಿರ್ತೀಯ. ರೋಪ್ ಡ್ರಾಪಿಗೆ ಅವನನ್ನ ಎಬ್ಬಿಸೋದಂತೂ ಬಿಡು.”

ಸೀನ ಫೋನು ಕೆಳಗಿಟ್ಟ. ಯಾರೂ ಏನೂ ಅನ್ನಲಿಲ್ಲ. ಕೊನೆಗೆ ಗೋಪಿಯೇ, “ಈಗಲೇ ಬುಕ್ ಮಾಡಪ್ಪ, ಒಂದೇ ರೂಮು ಉಳಿದಿದೆ ಅಂತ ಕೆಂಪಕ್ಷರದಲ್ಲಿ ತೋರಿಸ್ತಿದೆ” ಅಂದ.

“ಅದು ಆ ಸೈಟಿನವರ ಕೈಲಿ ಆ ಬೆಲೆಗೆ ಉಳಿದಿರೋದು, ಹೋಟೆಲಲ್ಲಿ ಉಳಿದಿರೋದಲ್ಲ. ರದ್ದು ಮಾಡಿದರೆ ದುಡ್ಡು ವಾಪಸು ಕೊಡೋ ರೂಮನ್ನ ಹಿಡಿದಿಟ್ಕೋ. ರದ್ದು ಮಾಡೋ ಗಡುವಿಗೆ ಎರಡು ದಿನ ಮುಂಚೆ ಬೆಲೆ ಮತ್ತೆ ನೋಡು, ಇಳಿದಿದ್ದರೆ ಹೊಸದು ಮಾಡಿ ಹಳೇದು ಬಿಡು. ಮೊದಲು ಹೊಸದು, ಆಮೇಲೆ ರದ್ದು. ಗಡುವು ಆ ಊರಿನ ಗಡಿಯಾರದ ಪ್ರಕಾರ, ನಿನ್ನ ಗಡಿಯಾರದ್ದಲ್ಲ. ಮತ್ತೆ ಬೇರೆಯವರ ಅಭಿಪ್ರಾಯ ಓದೋದಾದ್ರೆ ಇತ್ತೀಚಿನದ್ದು ಮೊದಲು ಬರೋ ಹಾಗೆ ಹಾಕಿ, ಮೂರು ಸ್ಟಾರಿನವರದ್ದು ಓದು. ಐದು ಕೊಟ್ಟವರು ಪಾರ್ಕಿನ ಖುಷೀಲಿ ಕೊಟ್ಟಿರ್ತಾರೆ, ಒಂದು ಕೊಟ್ಟವರು ಜಗಳ ಆಡಿ ಬಂದಿರ್ತಾರೆ. ಲಿಫ್ಟಿಂದಲೂ ಐಸ್ ಯಂತ್ರದಿಂದಲೂ ದೂರ, ಮೇಲಿನ ಮಹಡಿ ಅಂತ ಕೇಳು. ಪರದೆ ನಡುವೆ ಬೆಳಕು ನುಗ್ಗಿದ್ರೆ ಬೀರುವಿನಲ್ಲಿ ಪ್ಯಾಂಟು ನೇತುಹಾಕೋ ಕ್ಲಿಪ್ಪಿನ ಹ್ಯಾಂಗರ್ ಇರುತ್ತೆ, ಅದರಲ್ಲಿ ಎರಡೂ ಪರದೆ ಸೇರಿಸಿ ಕಚ್ಚಿಸು.”

ಸೀನ ಎಲ್ಲಾ ಬರೆದುಕೊಂಡು, ಯಾವುದಕ್ಕೂ ಇರಲಿ ಅಂತ ಅತ್ತೆಯವರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದ. ಯಾವ ಹಾಸಿಗೆ ಬೇಕು ಅಂತ ವಿನಯದಿಂದ ಕೇಳಿದ.

“ಯಾವುದಾದರೂ ಆಯ್ತಪ್ಪ” ಅಂದರು ಅತ್ತೆ. “ನಾನೇನು ಆ ಉಯ್ಯಾಲೆ ಹತ್ತೋಕೆ ಬರ್ತೀನಾ? ನೀವು ಐದು ದಿನ ಸುತ್ತಾಡಿ ಬನ್ನಿ, ನಾನು ರೂಮಲ್ಲೇ ಇರ್ತೀನಿ. ಕೂರೋಕೆ ಒಂದು ಕುರ್ಚಿ, ಹೊರಗೆ ನೋಡೋಕೆ ಒಂದು ಕಿಟಕಿ ಇದ್ರೆ ಸಾಕು.”

ಎಲ್ಲರೂ ಒಟ್ಟಿಗೆ ಫೋಟೋಗಳ ಮೇಲೆ ಬಗ್ಗಿದರು. ಕುರ್ಚಿ ಇತ್ತು. ಕಿಟಕಿಯೂ ಇತ್ತು, ಮೋಟೆಲಿನ ಹೊರಗಿನ ಪಡಸಾಲೆಗೆ ತೆರೆಯುವಂಥದ್ದು. ಹೋಗಿ ಬರುವವರೆಲ್ಲ ಒಳಗೆ ಇಣುಕುತ್ತಾರಾದ್ದರಿಂದ ಹಗಲೆಲ್ಲ ಪರದೆ ಎಳೆದೇ ಇರಬೇಕು.

“ಮುಂದಿನದು ತೋರಿಸು” ಅಂದಳು ಸಾವಿತ್ರಕ್ಕ.